ನಿಹೊನ್‌ಬಾಶಿ: ಸೇತುವೆ, ಹೆದ್ದಾರಿ ಮತ್ತು ಹೊರೆ ಹೊತ್ತವರು

ಉತಾಗಾವಾ ಹಿರೋಶಿಗೆ (1797-1858) ರಚಿಸಿದ 'ತೋಕಾಯ್‌ದೋ ಮಾರ್ಗದ ಐವತ್ತಮೂರು ಮಜಲುಗಳು' ಎಂಬ ಮರದಚ್ಚಿನ ಚಿತ್ರಮಾಲೆ 1833-34ರ ಸುಮಾರಿಗೆ ಪ್ರಕಟವಾಯಿತು. ಅದರ ಮೊದಲ ಚಿತ್ರದಲ್ಲಿರುವುದು ಎದೊ ನಗರದ ನಿಹೊನ್‌ಬಾಶಿ ಸೇತುವೆಯ ಬೆಳಗಿನ ಜಾವದ ನೋಟ. ಎರಡೂ ಬದಿಗಳಲ್ಲಿ ಬೀದಿಬಾಗಿಲಿನ ಕದಗಳು ತೆರೆದುಕೊಂಡಿವೆ. ನಡುವೆ ಬಿಲ್ಲಿನಂತೆ ಬಾಗಿದ ಮರದ ಸೇತುವೆ. ಅದರ ನೆತ್ತಿಯನ್ನು ದಾಟಿ ಸಾಮಂತ ಪ್ರಭುವೊಬ್ಬನ ಪರಿವಾರ ಇಳಿದು ಬರುತ್ತಿದೆ. ಮುಂದೆ ಪೆಟ್ಟಿಗೆ ಹೊತ್ತವರು, ಹಿಂದೆ ಈಟಿ ಹಿಡಿದವರು. ಕೆಳಗೆ ಎಡಭಾಗದಲ್ಲಿ ಅಡ್ಡೆ ಹೊತ್ತ ಮೀನು ವ್ಯಾಪಾರಿಗಳು ದಾರಿ ಬಿಟ್ಟು ಒತ್ತಟ್ಟಿಗೆ ಸರಿಯುತ್ತಿದ್ದಾರೆ. ಅವರ ಹಿಂದೆ ಸರ್ಕಾರಿ ಆಜ್ಞೆಗಳನ್ನು ಬರೆದು ನಿಲ್ಲಿಸಿದ ಹಲಗೆಗಳು ಕಾಣುತ್ತವೆ. ಬಲಗಡೆ ಎರಡು ನಾಯಿಗಳಿವೆ. ಅವುಗಳಿಗೆ ಈ ಯಾವ ಮೆರವಣಿಗೆಯ ಪರಿವೆಯೂ ಇದ್ದಂತಿಲ್ಲ.

ಈ ಚಿತ್ರವನ್ನು ಜಪಾನಿನ ಸೌಂದರ್ಯಪ್ರಜ್ಞೆಯ ಮಾದರಿಯೆಂದು ಮೆಚ್ಚುವವರು ಬಹಳ. ಆದರೆ ನಿಹೊನ್‌ಬಾಶಿಯ ಸಾಮಾಜಿಕ ಚರಿತ್ರೆಗೆ ಇದು ಅತ್ಯುತ್ತಮ ಪ್ರವೇಶಿಕೆಯೂ ಹೌದು. ಸೇತುವೆಯ ಮೇಲಿರುವವರು, ಕೆಳಗೆ ಸರಿದು ನಿಂತವರು, ಆಜ್ಞೆಯ ಹಲಗೆ ಎಂಬ ಮೂರು ಅಂಶಗಳು ಇಲ್ಲಿ ಒಂದೇ ಚೌಕಟ್ಟಿನಲ್ಲಿವೆ. ನಿಹೊನ್‌ಬಾಶಿಯನ್ನು ಕುರಿತ ಜನಪ್ರಿಯ ಬರಹಗಳು ಅದನ್ನು ದೇಶದ ಎಲ್ಲ ದಾರಿಗಳ ಶೂನ್ಯಬಿಂದುವೆಂದು ಕೊಂಡಾಡಿ ಮುಗಿಸುತ್ತವೆ. ದಾರಿಗಳನ್ನು ಹೊತ್ತು ನಿಂತ ಹಳ್ಳಿಗಳ ಕಡೆಯಿಂದ ನೋಡಿದಾಗ ಈ ಶೂನ್ಯಬಿಂದುವಿನ ಅರ್ಥ ಬೇರೆಯಾಗುತ್ತದೆ. ಆ ಬೇರೆ ಅರ್ಥವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

'ನಿಹೊನ್‌ಬಾಶಿ' ಎಂದರೆ ಪದಶಃ 'ಜಪಾನ್ ಸೇತುವೆ'. ಇದನ್ನು ಮೊದಲು ಕಟ್ಟಿದ್ದು 1603ರಲ್ಲಿ. 1600ರ ಸೆಕಿಗಹಾರಾ ಯುದ್ಧವನ್ನು ಗೆದ್ದ ತೊಕುಗಾವಾ ಇಯೆಯಾಸು ಶೋಗುನ್ ಪದವಿಗೇರಿದ ವರ್ಷವೂ ಅದೇ. ಮರುವರ್ಷ, ಅಂದರೆ 1604ರಲ್ಲಿ, ಈ ಸೇತುವೆಯನ್ನು ಹೆದ್ದಾರಿಗಳ ಆರಂಭಸ್ಥಾನವೆಂದು ಗೊತ್ತುಮಾಡಲಾಯಿತು. ಇಲ್ಲಿ ಕಾಲಾನುಕ್ರಮವನ್ನು ಸ್ವಲ್ಪ ಗಮನಿಸಬೇಕು. ತೋಕಾಯ್‌ದೋ ಮಾರ್ಗದ ಮಜಲುಗಳು ತಲಾ 36 ಕುದುರೆಗಳನ್ನು ಸಿದ್ಧವಾಗಿಟ್ಟಿರಬೇಕೆಂಬ ಆಜ್ಞೆ ಹೊರಟದ್ದು 1601ರಲ್ಲಿ. ಎಂದರೆ ಹೊರೆಯ ವ್ಯವಸ್ಥೆ ಸೇತುವೆಗಿಂತ ಎರಡು ವರ್ಷ ಹಿರಿದು. ಚಕ್ರವರ್ತಿಯ ರಾಜಧಾನಿ ಕ್ಯೋಟೊ ನಗರಕ್ಕೂ ಪೂರ್ವದ ಪ್ರಾಂತಗಳಿಗೂ ನಡುವೆ ದಾರಿಗಳು ಶತಮಾನಗಳಿಂದ ಇದ್ದವು. ತೊಕುಗಾವಾ ಪ್ರಭುತ್ವ ಹೊಸದಾಗಿ ಸೃಷ್ಟಿಸಿದ್ದು ದಾರಿಯನ್ನಲ್ಲ, ದಾರಿಯನ್ನು ಎಣಿಸುವ ದಿಕ್ಕನ್ನು. ಅದುವರೆಗೆ ಕ್ಯೋಟೊದಿಂದ ದೂರವಾಗುತ್ತ ಹೋಗುತ್ತಿದ್ದ ದೇಶ ಇನ್ನು ಮುಂದೆ ಎದೊದಿಂದ ದೂರವಾಗುತ್ತ ಹೋಗಬೇಕಾಯಿತು.

ಎಣಿಕೆಗೆ ಕಣ್ಣಿಗೆ ಕಾಣುವ ಗುರುತುಗಳು ಬೇಕಲ್ಲವೆ? 'ರಿ' ಎಂಬುದು ಸುಮಾರು 3.9 ಕಿಲೋಮೀಟರ್ ಉದ್ದದ ಜಪಾನೀ ಅಳತೆ. ಪ್ರತಿ ರಿಗೆ ಒಂದರಂತೆ ದಾರಿಯ ಎರಡೂ ಬದಿಗಳಲ್ಲಿ ಮಣ್ಣಿನ ದಿಬ್ಬಗಳನ್ನು ಕಟ್ಟಿಸಿ, ಅವುಗಳ ಮೇಲೆ ಎನೊಕಿ ಅಥವಾ ಪೈನ್ ಮರಗಳನ್ನು ನೆಡಲಾಯಿತು. ಇವುಗಳಿಗೆ 'ಇಚಿರಿಜುಕಾ' ಎಂದು ಹೆಸರು. ಪ್ರಯಾಣಿಕನಿಗೆ ನೆರಳು, ಕೂಲಿ ಮತ್ತು ಕುದುರೆಯ ಬಾಡಿಗೆಯನ್ನು ಲೆಕ್ಕ ಹಾಕುವವನಿಗೆ ಆಧಾರ, ಪ್ರಭುತ್ವಕ್ಕೆ ತನ್ನ ವ್ಯಾಪ್ತಿಯ ಸಾಕ್ಷಿ ಎಂದು ಒಂದೇ ಮರ ಮೂರು ಕೆಲಸ ಮಾಡುತ್ತಿತ್ತು.

ಸೇತುವೆಯಿಂದ ಹೊರಡುತ್ತಿದ್ದ ಐದು ಹೆದ್ದಾರಿಗಳನ್ನು ಒಟ್ಟಾಗಿ 'ಗೊಕಾಯ್‌ದೋ' ಎನ್ನುತ್ತಾರೆ. ಸಮುದ್ರದಂಚಿನಲ್ಲಿ ಸಾಗಿ ಕ್ಯೋಟೊದ ಸಾಂಜೊ ಸೇತುವೆಯನ್ನು ಮುಟ್ಟುವ ತೋಕಾಯ್‌ದೋ ಸುಮಾರು 490 ಕಿಲೋಮೀಟರ್ ಉದ್ದದ್ದು. ಅದರಲ್ಲಿ 53 ಮಜಲುಗಳು. ನಾಕಾಸೆಂದೋ ಒಳನಾಡಿನ ಬೆಟ್ಟಗಳ ನಡುವೆ ಸುಮಾರು 530 ಕಿಲೋಮೀಟರ್ ಹಾದು, ಕುಸಾತ್ಸು ಎಂಬಲ್ಲಿ ತೋಕಾಯ್‌ದೋವನ್ನು ಸೇರುತ್ತದೆ. ಅದರ ಮಜಲುಗಳು 69. ಕೋಶೂ ಮಾರ್ಗವು ಪಶ್ಚಿಮಕ್ಕೆ ಹೋಗಿ ಶಿಮೊಸುವಾ ಎಂಬಲ್ಲಿ ನಾಕಾಸೆಂದೋದೊಡನೆ ಕೂಡುತ್ತದೆ. ನಿಕ್ಕೋ ಮತ್ತು ಓಶೂ ಮಾರ್ಗಗಳು ಉತ್ಸುನೊಮಿಯಾದವರೆಗೆ ಒಂದೇ ಆಗಿದ್ದು, ಅಲ್ಲಿಂದ ಒಂದು ಇಯೆಯಾಸುವಿನ ಸಮಾಧಿಮಂದಿರವಿರುವ ನಿಕ್ಕೋಗೆ, ಇನ್ನೊಂದು ಉತ್ತರದ ಶಿರಾಕಾವಾಕ್ಕೆ ಹೋಗುತ್ತದೆ. ನಿಕ್ಕೋ ದಾರಿಯಲ್ಲಿ ಮಾತ್ಸುದಾಯಿರಾ ಮಾಸಾತ್ಸುನಾ ಎಂಬ ಅಧಿಕಾರಿ ಎರಡು ದಶಕಗಳಿಗೂ ಹೆಚ್ಚು ಕಾಲ ನೆಡಿಸಿದ ಸುಗಿ ಮರಗಳ ಸಾಲು ಇಂದಿಗೂ ಸುಮಾರು 35 ಕಿಲೋಮೀಟರ್ ಉದ್ದಕ್ಕೆ ಉಳಿದಿದೆ.

'ಶುಕುಬಾ' ಎಂಬ ಜಪಾನೀ ಪದಕ್ಕೆ ಇಲ್ಲಿ 'ಮಜಲು' ಎಂಬ ಪದವನ್ನು ಬಳಸಲಾಗಿದೆ. ಒಂದು ಸಲದ ಪ್ರಯಾಣದ ದೂರ, ತಂಗುವ ಸ್ಥಳ ಎಂಬ ಎರಡೂ ಅರ್ಥಗಳು ಈ ಪದದಲ್ಲಿರುವುದರಿಂದ ಅದು ಸರಿಹೊಂದುತ್ತದೆ. ಆದರೆ ಶುಕುಬಾ ಕೇವಲ ತಂಗುದಾಣವಲ್ಲ. ಸಾಮಂತರಿಗೆ 'ಹೊಂಜಿನ್' ಎಂಬ ಅಧಿಕೃತ ಬಿಡದಿಮನೆ, ಸಾಮಾನ್ಯರಿಗೆ 'ಹಾತಾಗೊ' ಎಂಬ ವಸತಿಗೃಹಗಳು, ಇವೆರಡಕ್ಕಿಂತ ಮುಖ್ಯವಾಗಿ ಆಳು ಮತ್ತು ಕುದುರೆಗಳನ್ನು ಒದಗಿಸುವ 'ತೋನ್ಯಾಬಾ' ಎಂಬ ಕಚೇರಿ ಅಲ್ಲಿರುತ್ತಿದ್ದವು. ಒಂದು ಮಜಲಿನ ಕುದುರೆ ಸಾಮಾನ್ಯವಾಗಿ ಮುಂದಿನ ಮಜಲಿನವರೆಗೆ ಮಾತ್ರ ಹೋಗುತ್ತಿತ್ತು. ಅಲ್ಲಿ ಹೊರೆ ಇಳಿಸಿ, ಹೊಸ ಕುದುರೆಗೆ ಹೇರಬೇಕು. ತೋಕಾಯ್‌ದೋದ ಪ್ರತಿ ಮಜಲು 100 ಆಳು ಮತ್ತು 100 ಕುದುರೆ, ನಾಕಾಸೆಂದೋದ ಮಜಲು 50 ಆಳು ಮತ್ತು 50 ಕುದುರೆ, ಉಳಿದ ಮೂರು ಮಾರ್ಗಗಳ ಮಜಲುಗಳು ತಲಾ 25ರಂತೆ ಸದಾ ಸಿದ್ಧವಾಗಿಟ್ಟಿರಬೇಕೆಂಬುದು ಕಾಲಕ್ರಮದಲ್ಲಿ ನೆಲೆಗೊಂಡ ನಿಯಮ. ಪ್ರತಿಯಾಗಿ ಮಜಲಿನ ಮನೆಗಳಿಗೆ ನಿವೇಶನದ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತಿತ್ತು.

ಈ ವ್ಯವಸ್ಥೆಯ ಮೇಲೆ ಬಿದ್ದ ಅತಿದೊಡ್ಡ ಒತ್ತಡ 'ಸಾಂಕಿನ್ ಕೋತಾಯ್' ಪದ್ಧತಿಯದು. 1635ರ ಶಾಸನದ ಪ್ರಕಾರ ಸಾಮಂತರು ಒಂದು ವರ್ಷ ತಮ್ಮ ಪ್ರಾಂತದಲ್ಲಿ, ಮರುವರ್ಷ ಎದೊದಲ್ಲಿ ಇರಬೇಕಾಗಿತ್ತು; ಅವರ ಹೆಂಡತಿ ಮಕ್ಕಳು ಸದಾಕಾಲ ಎದೊದಲ್ಲಿಯೇ ಉಳಿಯಬೇಕಾಗಿತ್ತು. ಹೆಸರಿಗೆ ಇದು ಓಲಗ, ವಾಸ್ತವದಲ್ಲಿ ಒತ್ತೆ. ಕಾಗಾ ಪ್ರಾಂತದ ಮಾಯೆದಾ ಮನೆತನದ ಪರಿವಾರದಲ್ಲಿ ಕೆಲವೊಮ್ಮೆ ಎರಡು ಸಾವಿರಕ್ಕೂ ಮಿಕ್ಕಿದ ಜನರಿರುತ್ತಿದ್ದರು. ಹೆದ್ದಾರಿಗಳ ತಪಾಸಣಾ ಕಟ್ಟೆಗಳಲ್ಲಿ ಎದೊದ ಕಡೆಗೆ ಬರುವ ಕೋವಿಗಳನ್ನೂ ಎದೊದಿಂದ ಹೊರಹೋಗುವ ಹೆಂಗಸರನ್ನೂ ವಿಶೇಷವಾಗಿ ಶೋಧಿಸಬೇಕೆಂಬ ಕಟ್ಟಳೆ ಹುಟ್ಟಿದ್ದು ಇದರಿಂದಲೇ. ಹೆಂಗಸು ಹೊರಟಳೆಂದರೆ ಒತ್ತೆ ತಪ್ಪಿತು, ಕೋವಿ ಬಂದಿತೆಂದರೆ ದಂಗೆ ಹತ್ತಿರವಾಯಿತು ಎಂಬುದು ಪ್ರಭುತ್ವದ ತರ್ಕ. 1691 ಮತ್ತು 1692ರಲ್ಲಿ ಡಚ್ಚರ ನಿಯೋಗದೊಡನೆ ಎದೊಗೆ ಹೋದ ಜರ್ಮನ್ ವೈದ್ಯ ಎಂಗೆಲ್‌ಬರ್ಟ್ ಕೆಂಪ್‌ಫರ್, ತೋಕಾಯ್‌ದೋದ ಜನಸಂದಣಿ ಯುರೋಪಿನ ನಗರಬೀದಿಗಳನ್ನು ಮೀರಿಸುವಂತಿತ್ತೆಂಬ ಅಭಿಪ್ರಾಯಕ್ಕೆ ಬಂದದ್ದು ಆಶ್ಚರ್ಯವಲ್ಲ.

ಹಾಗಾದರೆ ಇಷ್ಟು ದಟ್ಟವಾದ ಹೆದ್ದಾರಿಯಲ್ಲಿ ಸೇತುವೆಗಳು ಹೇಗಿದ್ದವು? ಇಲ್ಲಿಯೇ ಒಂದು ಕುತೂಹಲಕರ ವೈರುಧ್ಯವಿದೆ. ಸುಮಾರು 50 ಮೀಟರ್ ಉದ್ದದ ನಿಹೊನ್‌ಬಾಶಿ ಬೆಂಕಿಗೆ ಸಿಕ್ಕಿ ಹಾಳಾದಾಗಲೆಲ್ಲ ತಡವಿಲ್ಲದೆ ಮತ್ತೆ ಎದ್ದು ನಿಲ್ಲುತ್ತಿತ್ತು. 1657ರ ಮೇಯ್‌ರೆಕಿ ಮಹಾಗ್ನಿಯಲ್ಲಿ ನಗರದ ಬಹುಭಾಗದೊಡನೆ ಅದೂ ಸುಟ್ಟುಹೋಯಿತು. ಮರುವರ್ಷವೇ ಅದನ್ನು ಹೊಸದಾಗಿ ಕಟ್ಟಲಾಯಿತು. ಆದರೆ ಅದೇ ಸೇತುವೆಯಿಂದ ಹೊರಟ ತೋಕಾಯ್‌ದೋ, ಶಿಮಾದಾ ಮತ್ತು ಕಾನಾಯಾ ಮಜಲುಗಳ ನಡುವೆ ಓಯ್ ನದಿಯನ್ನು ಮುಟ್ಟಿದಾಗ ಅಲ್ಲಿ ಸೇತುವೆಯೂ ಇರಲಿಲ್ಲ, ದೋಣಿಯೂ ಇರಲಿಲ್ಲ. ಪ್ರಯಾಣಿಕರು ಕೂಲಿಗಳ ಹೆಗಲೇರಿ ಅಥವಾ ಅವರು ಹೊತ್ತ ಮರದ ಚೌಕಿಯ ಮೇಲೆ ಕುಳಿತು ದಾಟಬೇಕು. 1696ರಿಂದ ಇದಕ್ಕಾಗಿಯೇ ದಡದಲ್ಲಿ ಕಚೇರಿಗಳಿದ್ದವು. ಪ್ರತಿದಿನ ನೀರಿನ ಆಳವನ್ನು ನೋಡಿ ದರ ಗೊತ್ತುಮಾಡುತ್ತಿದ್ದರು. ನೀರು ತೊಡೆಯ ಮಟ್ಟದಲ್ಲಿದ್ದರೆ ಒಂದು ದರ, ಸೊಂಟಕ್ಕೆ ಬಂದರೆ ಇನ್ನೊಂದು, ಎದೆ ಮತ್ತು ಕಂಕುಳಿಗೆ ಏರಿದರೆ ಮತ್ತೂ ಹೆಚ್ಚು. ಅದಕ್ಕಿಂತ ಮೇಲೇರಿದರೆ ನದಿಯನ್ನು 'ಮುಚ್ಚುತ್ತಿದ್ದರು'. ಸಾಮಂತನಾಗಲಿ ಭಿಕ್ಷುವಾಗಲಿ ದಡದಲ್ಲಿ ದಿನಗಟ್ಟಲೆ ಕಾಯಬೇಕಾಗುತ್ತಿತ್ತು. ಕೂಲಿಯವನ ಮೈಯೇ ಇಲ್ಲಿ ಅಳತೆಗೋಲು ಎಂಬುದನ್ನು ಗಮನಿಸಬೇಕು. ನೆಲದ ಮೇಲೆ ದೂರವನ್ನು 'ರಿ'ಗಳಲ್ಲಿ ಎಣಿಸಿದ ವ್ಯವಸ್ಥೆ ನೀರಿನಲ್ಲಿ ಅದನ್ನು ಮನುಷ್ಯದೇಹದ ಭಾಗಗಳಲ್ಲಿ ಎಣಿಸಿತು.

ಸೇತುವೆ ಕಟ್ಟದಿರಲು ಎದೊದ ರಕ್ಷಣೆಯೇ ಕಾರಣವೆಂದು ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಪಶ್ಚಿಮದ ಸೈನ್ಯವೊಂದು ಸುಲಭವಾಗಿ ರಾಜಧಾನಿಯನ್ನು ಮುಟ್ಟಬಾರದೆಂಬುದು ಆ ವಾದ. ಅದನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲವಾದರೂ ಅದೊಂದೇ ಸಾಕಾಗುವುದಿಲ್ಲ. ಓಯ್ ನದಿಯ ಪಾತ್ರ ಅಗಲವಾದದ್ದು, ಜಲ್ಲಿಯಿಂದ ತುಂಬಿದ್ದು. ಪ್ರವಾಹದಲ್ಲಿ ಅದರ ಹರಿವು ಬದಲಾಗುತ್ತದೆ. ಮೇಲಾಗಿ, ಹೊರುವ ಕೂಲಿಯನ್ನೇ ನಂಬಿದ ನೂರಾರು ಕುಟುಂಬಗಳು, ನದಿ ಮುಚ್ಚಿದಾಗ ತುಂಬಿ ತುಳುಕುವ ವಸತಿಗೃಹಗಳು ಎರಡೂ ದಡಗಳಲ್ಲಿದ್ದವು. ಯಥಾಸ್ಥಿತಿಯಲ್ಲಿ ಪ್ರಭುತ್ವಕ್ಕೆ ಮಾತ್ರವಲ್ಲ, ಆ ಊರುಗಳಿಗೂ ಆಸಕ್ತಿಯಿತ್ತು. ಈ ಪದ್ಧತಿ ರದ್ದಾದದ್ದು ಮೇಯ್‌ಜಿ ಕಾಲದಲ್ಲಿ, 1870ರಲ್ಲಿ. 1879ರಲ್ಲಿ ಅಲ್ಲಿ ಕಟ್ಟಿದ ಹೋರಾಯ್ ಎಂಬ ಮರದ ಸೇತುವೆಯ ಇಂದಿನ ಉದ್ದ 897.4 ಮೀಟರ್.

ಹೆದ್ದಾರಿಯ ನಿಜವಾದ ಹೊರೆ ಮಾತ್ರ ನದಿದಡಕ್ಕಿಂತ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ದೊಡ್ಡ ಪರಿವಾರ ಬಂದಾಗ ಮಜಲಿನ ನೂರು ಆಳುಗಳು ಎಲ್ಲಿಗೂ ಸಾಲುತ್ತಿರಲಿಲ್ಲ. ಆಗ ಸುತ್ತಲಿನ ಹಳ್ಳಿಗಳಿಂದ ಆಳು ಕುದುರೆಗಳನ್ನು ತರಿಸುವ 'ಸುಕೆಗೊ' ಎಂಬ ಏರ್ಪಾಡು ಬೆಳೆಯಿತು. 1694ರಲ್ಲಿ ಅದಕ್ಕೆ ಖಚಿತ ರೂಪ ಬಂದಿತು. ಪ್ರತಿ ಹಳ್ಳಿಯ ಅಕ್ಕಿಯ ಹುಟ್ಟುವಳಿಯ ಅಂದಾಜಿನ ಮೇಲೆ ಅದರ ಪಾಲು ನಿಗದಿಯಾಗುತ್ತಿತ್ತು. ಕನ್ನಡ ಶಾಸನಗಳಿಂದ ಪರಿಚಿತವಾದ 'ಬಿಟ್ಟಿ' ಎಂಬ ಪದ ಇಲ್ಲಿ ನೆನಪಾಗುವುದು ಸಹಜ. ಆದರೆ ಸುಕೆಗೊ ಪೂರ್ಣಾರ್ಥದಲ್ಲಿ ಬಿಟ್ಟಿಯಲ್ಲ. ಶೋಗುನ್ನನ ಕೆಂಪು ಮುದ್ರೆಯ ಪತ್ರ ಹೊಂದಿದವರಿಗೆ ಸೇವೆ ಉಚಿತ. ಸಾಮಂತರು ಸರ್ಕಾರಿ ದರವನ್ನು ಕೊಡಬೇಕು, ಆದರೆ ಆ ದರ ಪೇಟೆಯ ಕೂಲಿಗಿಂತ ಬಹಳ ಕಡಿಮೆ. ನಾಟಿಯ ಹೊತ್ತಿಗೋ ಕೊಯ್ಲಿನ ಹೊತ್ತಿಗೋ ಕರೆ ಬಂದರೆ ಹಳ್ಳಿಯವರು ಗದ್ದೆ ಬಿಟ್ಟು ದೂರದ ಮಜಲಿಗೆ ನಡೆದು ಹೋಗಬೇಕು. ಹೋಗಲಾರದವರು ಹಣ ತೆತ್ತು ಬೇರೆಯವರನ್ನು ಕಳುಹಿಸಬೇಕು. ಹೀಗೆ ದೇಹದ ಹೊರೆ ಕ್ರಮೇಣ ಸಾಲದ ಹೊರೆಯಾಯಿತು.

1764ರಲ್ಲಿ ಕೊರಿಯಾದ ರಾಜನಿಯೋಗ ಎದೊಗೆ ಬಂದಿತು. ಮರುವರ್ಷ ನಿಕ್ಕೋದಲ್ಲಿ ಇಯೆಯಾಸುವಿನ 150ನೆಯ ಪುಣ್ಯಸ್ಮರಣೆ ನಡೆಯಬೇಕಿತ್ತು. ಈ ಸಂಚಾರಗಳ ನೆಪದಲ್ಲಿ, ನಾಕಾಸೆಂದೋದ ಆಸುಪಾಸಿನಲ್ಲಿದ್ದು ಅದುವರೆಗೆ ಸುಕೆಗೊದಿಂದ ಹೊರಗಿದ್ದ ಹಳ್ಳಿಗಳ ಮೇಲೂ ಹೆಚ್ಚುವರಿ ಹೊರೆ ಹೇರಲು ಸರ್ಕಾರ ಮುಂದಾಯಿತು. ಅದರ ಪರಿಣಾಮವೇ ಮುಸಾಶಿ ಪ್ರಾಂತದಲ್ಲಿ 1764-65ರ ಚಳಿಗಾಲದಲ್ಲಿ ಸಿಡಿದ 'ತೆನ್ಮಾ ಸೋದೋ', ಅಂದರೆ ಹೊರೆಕುದುರೆಗಳ ದಂಗೆ. ಅದರಲ್ಲಿ ಎರಡು ಲಕ್ಷದಷ್ಟು ಜನರಿದ್ದರೆಂದು ಹೇಳಲಾಗುತ್ತದೆ. ಈ ಸಂಖ್ಯೆಯನ್ನು ಅಕ್ಷರಶಃ ಒಪ್ಪದಿದ್ದರೂ ದಂಗೆಯ ವ್ಯಾಪ್ತಿಯನ್ನು ಅದು ಸೂಚಿಸುತ್ತದೆ. ರೈತರು ಹೆದ್ದಾರಿಯನ್ನೇ ಹಿಡಿದು ಎದೊದ ದಿಕ್ಕಿಗೆ ಹೊರಟರು. ಹೊಸ ಹೊರೆಯಿಂದ ಲಾಭ ಪಡೆಯಬಹುದಾಗಿದ್ದ ಸಿರಿವಂತರ ಮನೆಗಳನ್ನು ಕೆಡವಿದರು. ಸರ್ಕಾರ ತನ್ನ ಯೋಜನೆಯನ್ನು ಹಿಂತೆಗೆದುಕೊಂಡಿತು. ಆದರೆ ಮುಖಂಡನೆಂದು ಗುರುತಿಸಲಾದ ಸೆಕಿ ಗ್ರಾಮದ ಹೇಯ್‌ನಾಯ್ ಎಂಬವನಿಗೆ 1766ರಲ್ಲಿ ಮರಣದಂಡನೆಯಾಯಿತು. ದಾರಿಯ ಎಣಿಕೆ ಸೇತುವೆಯಿಂದ ಹೊರಗೆ ಹೋಗುತ್ತದೆ, ದಂಗೆ ಹೊರಗಿನಿಂದ ಸೇತುವೆಯ ಕಡೆಗೆ ಬರುತ್ತದೆ. ಹೆದ್ದಾರಿಯ ಚರಿತ್ರೆಯಲ್ಲಿ ಈ ಎರಡನೆಯ ದಿಕ್ಕಿಗೆ ಸಿಕ್ಕಿರುವ ಸ್ಥಳ ತೀರ ಕಡಿಮೆ.

ಮರಣದಂಡನೆಯ ಪ್ರಸ್ತಾಪ ಬಂದುದರಿಂದ ಸೇತುವೆಯ ದಕ್ಷಿಣದ ಬುಡದಲ್ಲಿದ್ದ ಎರಡು ಸ್ಥಳಗಳನ್ನು ಹೇಳಬೇಕು. ಒಂದು, ಹಿರೋಶಿಗೆಯ ಚಿತ್ರದಲ್ಲಿಯೂ ಕಾಣುವ ಆಜ್ಞಾಫಲಕಗಳ ಕಟ್ಟೆ. ಇನ್ನೊಂದು, ಅಪರಾಧಿಗಳನ್ನು ಜನರ ಕಣ್ಣೆದುರು ಕಟ್ಟಿ ಕೂರಿಸುತ್ತಿದ್ದ ತಾಣ. ಆಜ್ಞೆಯನ್ನು ಓದಲಾರದವನು ಅದರ ಫಲಿತಾಂಶವನ್ನು ಕಣ್ಣಾರೆ ಕಾಣಬಹುದಾಗಿತ್ತು. ಉತ್ತರದ ದಡದಲ್ಲಿ ಮಾತ್ರ ಬೇರೆಯೇ ಲೋಕ. ಅಲ್ಲಿ ನಗರಕ್ಕೆ ಮೀನು ಒದಗಿಸುವ ಮಾರುಕಟ್ಟೆಯಿತ್ತು. ಮಿತ್ಸುಯಿ ಮನೆತನ 1673ರಲ್ಲಿ ತೆರೆದ ಎಚಿಗೊಯಾ ಬಟ್ಟೆಯಂಗಡಿ ಮುಂದೆ ಅದರ ಹತ್ತಿರಕ್ಕೇ ಬಂದಿತು. ಹೊಕುಸಾಯ್‌ನ 'ಫುಜಿ ಪರ್ವತದ ಮೂವತ್ತಾರು ನೋಟಗಳು' ಮಾಲೆಯಲ್ಲಿಯೂ ನಿಹೊನ್‌ಬಾಶಿ ಇದೆ. ಅಲ್ಲಿ ಸೇತುವೆಯ ಮೈ ಕಾಣುವುದೇ ಇಲ್ಲ. ಚಿತ್ರದ ಕೆಳಗಿನ ಅಂಚಿನಲ್ಲಿ ಕಂಬದ ಕಲಶಗಳೂ ಒತ್ತೊತ್ತಾದ ತಲೆಗಳೂ ಮಾತ್ರ. ದೂರದಲ್ಲಿ ಕೋಟೆ, ಅದರಾಚೆ ಫುಜಿ. ಹಿರೋಶಿಗೆ ಮೆರವಣಿಗೆಯನ್ನು ನೋಡಿದರೆ ಹೊಕುಸಾಯ್ ಸಂದಣಿಯನ್ನು ನೋಡಿದನೆನ್ನಬಹುದು.

ಸಾಹಿತ್ಯದಲ್ಲಿ ಈ ದಾರಿಯ ಕೆಳಗಿನ ದನಿಯನ್ನು ಹಿಡಿದವರಲ್ಲಿ ಜಿಪ್ಪೆನ್‌ಶಾ ಇಕ್ಕು (1765-1831) ಮುಖ್ಯ. 1802ರಿಂದ ಕಂತುಗಳಲ್ಲಿ ಪ್ರಕಟವಾದ ಅವನ 'ತೋಕಾಯ್‌ದೋಚೂ ಹಿಜಾಕುರಿಗೆ' ಕೃತಿಯ ಶೀರ್ಷಿಕೆಯಲ್ಲಿಯೇ ವಿನೋದವಿದೆ: ಮೊಣಕಾಲುಗಳನ್ನೇ ಕಂದುಗುದುರೆ ಮಾಡಿಕೊಂಡು ಹೋಗುವುದು, ಎಂದರೆ ಕಾಲ್ನಡಿಗೆ. ಯಾಜಿರೋಬೇಯ್ ಮತ್ತು ಕಿತಾಹಾಚಿ ಎಂಬ ಇಬ್ಬರು ಪೋಲಿಗಳು ಎದೊದಿಂದ ಹೊರಟು ಇಸೆ ಕ್ಷೇತ್ರವನ್ನು ಕಂಡು ಕ್ಯೋಟೊ, ಓಸಾಕಾಗಳಿಗೆ ಹೋಗುತ್ತಾರೆ. ಓಯ್ ನದಿಯ ದಡದಲ್ಲಿ ಯಾಜಿ ತಾನು ಸಮುರಾಯ್ ಎಂದು ನಟಿಸುತ್ತಾನೆ. ಖಡ್ಗದ ಒರೆಯನ್ನು ಹಿಂದಕ್ಕೆ ಎಳೆದು ಉದ್ದವಾಗಿ ಕಾಣುವಂತೆ ಮಾಡಿಕೊಂಡು ಕಚೇರಿಯಲ್ಲಿ ಗತ್ತು ತೋರಿಸಲು ಹೋಗುತ್ತಾನೆ. ಬರಿದಾದ ಒರೆಯ ತುದಿ ಕಂಬಕ್ಕೆ ತಾಗಿ ಬಯಲಾಗುತ್ತದೆ. ನಗೆಯ ಮರೆಯಲ್ಲಿ ಇಕ್ಕು ಹೇಳುತ್ತಿರುವುದು ಇಷ್ಟೇ: ಈ ದಾರಿಯಲ್ಲಿ ದರ ಗೊತ್ತಾಗುವುದು ನೀರಿನ ಆಳದಿಂದ ಮಾತ್ರವಲ್ಲ, ಸೊಂಟದಲ್ಲಿರುವ ಕತ್ತಿಯ ಉದ್ದದಿಂದಲೂ ಹೌದು.

ಇಕ್ಕುವಿನ ಲಘುತ್ವಕ್ಕೆ ಎದುರಾಗಿ ನಿಲ್ಲುವ ಕೃತಿ ಶಿಮಾಜಾಕಿ ತೋಸೊನ್‌ನ (1872-1943) 'ಯೊಆಕೆ ಮಾಯೆ' (ಬೆಳಗಿನ ಮುನ್ನ). 1929ರಿಂದ 1935ರವರೆಗೆ 'ಚೂಓ ಕೋರೋನ್' ಪತ್ರಿಕೆಯಲ್ಲಿ ಬಂದ ಈ ಕಾದಂಬರಿಯ ನೆಲೆ ನಾಕಾಸೆಂದೋದ ಕಿಸೊ ಕಣಿವೆಯಲ್ಲಿರುವ ಮಾಗೊಮೆ ಎಂಬ ಮಜಲು. ಲೇಖಕ ಹುಟ್ಟಿದ್ದೂ ಅಲ್ಲಿಯ ಹೊಂಜಿನ್ ಮನೆಯಲ್ಲಿ. ಕಥಾನಾಯಕ ಆಓಯಾಮಾ ಹಾನ್ಜೋಗೆ ಲೇಖಕನ ತಂದೆಯೇ ಮೂಲಮಾದರಿ. 1861ರಲ್ಲಿ ಚಕ್ರವರ್ತಿಯ ತಂಗಿ ಕಾಜುನೊಮಿಯಾ ಶೋಗುನ್ ಇಯೆಮೊಚಿಯ ವಧುವಾಗಿ ಇದೇ ದಾರಿಯಲ್ಲಿ ಎದೊಗೆ ಹೋದಳು. ಆ ದಿಬ್ಬಣಕ್ಕೆ ಆಳು ಕುದುರೆ ಕೂಡಿಸುವಲ್ಲಿ ಮಜಲುಗಳು ಬಸವಳಿದುದನ್ನು ತೋಸೊನ್ ಒಳಗಿನವನ ಸೂಕ್ಷ್ಮತೆಯಿಂದ ಚಿತ್ರಿಸಿದ್ದಾನೆ. ಹಾನ್ಜೋ ಸುಕೆಗೊ ಕರೆಯನ್ನು ಹಳ್ಳಿಗಳಿಗೆ ಮುಟ್ಟಿಸಬೇಕಾದ ಸ್ಥಾನದಲ್ಲಿದ್ದಾನೆ. ಆ ಹಳ್ಳಿಗಳ ಸಂಕಟವನ್ನು ಬಲ್ಲವನೂ ಅವನೇ. ಚಕ್ರವರ್ತಿಯ ಆಳ್ವಿಕೆ ಮರಳಿದರೆ ಜನರ ಹೊರೆ ಇಳಿಯುತ್ತದೆಂಬ ಅವನ ನಂಬಿಕೆಯನ್ನು ಮೇಯ್‌ಜಿ ಸರ್ಕಾರ ಹುಸಿಗೊಳಿಸುತ್ತದೆ. ಹಳೆಯ ಕಾಡಿನ ಹಕ್ಕುಗಳೂ ಹೋಗುತ್ತವೆ. ಕೊನೆಗೆ ಅವನು ಬುದ್ಧಿಭ್ರಮಣೆಗೊಂಡು ಬಂಧನದಲ್ಲಿ ಸಾಯುತ್ತಾನೆ. ಹೆದ್ದಾರಿಯನ್ನು ಮಜಲಿನ ಹೊಸ್ತಿಲಿನಲ್ಲಿ ನಿಂತು ನೋಡಿದ ಇಂತಹ ಇನ್ನೊಂದು ಕಾದಂಬರಿ ದೊರೆಯುವುದು ಕಷ್ಟ.

ಮೇಯ್‌ಜಿ ಕಾಲದಲ್ಲಿ ಸೇತುವೆಯೂ ಬದಲಾಯಿತು. ಗಾಡಿಗಳ ಓಡಾಟಕ್ಕಾಗಿ 1873ರಲ್ಲಿ ಬಾಗಿದ ಸೇತುವೆಯ ಜಾಗದಲ್ಲಿ ಸಮತಟ್ಟಾದ ಮರದ ಸೇತುವೆ ಬಂದಿತು. ಇಂದು ಕಾಣುವ ಎರಡು ಕಮಾನುಗಳ ಗ್ರಾನೈಟ್ ಸೇತುವೆ ಉದ್ಘಾಟನೆಯಾದದ್ದು 1911ರ ಏಪ್ರಿಲ್ 3ರಂದು. ಉದ್ದ 49 ಮೀಟರ್, ಅಗಲ 27 ಮೀಟರ್. ಅಲಂಕಾರದ ಹೊಣೆ ವಾಸ್ತುಶಿಲ್ಪಿ ತ್ಸುಮಾಕಿ ಯೊರಿನಾಕಾನದಾಗಿತ್ತು. ನಡುಗಂಬಗಳಲ್ಲಿ ರೆಕ್ಕೆಯುಳ್ಳ ಕಿರಿನ್ ಎಂಬ ಪುರಾಣಮೃಗ, ತುದಿಗಳಲ್ಲಿ ಸಿಂಹಗಳು. ಕಂಬಗಳ ಮೇಲೆ ಪೈನ್ ಮತ್ತು ಎನೊಕಿ ಎಲೆಗಳ ಚಿತ್ತಾರವಿದೆ. ಇಚಿರಿಜುಕಾ ದಿಬ್ಬಗಳ ಮರಗಳು ಹೀಗೆ ಲೋಹದಲ್ಲಿ ಉಳಿದುಕೊಂಡಿವೆ. ಸೇತುವೆಯ ಹೆಸರನ್ನು ಕುಂಚದಿಂದ ಬರೆದುಕೊಟ್ಟವನು ಕೊನೆಯ ಶೋಗುನ್ ತೊಕುಗಾವಾ ಯೊಶಿನೊಬು. ಅಧಿಕಾರ ಬಿಟ್ಟು ನಾಲ್ಕು ದಶಕಗಳಾದ ಮೇಲೆ, ತನ್ನ ವಂಶದ ಮೊದಲಿಗ ಕಟ್ಟಿಸಿದ ಸೇತುವೆಗೆ ಅವನು ಹೊಸ ಆಳ್ವಿಕೆಯ ನಗರಾಧ್ಯಕ್ಷನ ಕೋರಿಕೆಯಂತೆ ಅಕ್ಷರ ಬರೆದನು.

1923ರ ಮಹಾಭೂಕಂಪದಲ್ಲಿ ಮೀನುಮಾರುಕಟ್ಟೆ ಸುಟ್ಟು, ಅದನ್ನು ತ್ಸುಕಿಜಿಗೆ ಸ್ಥಳಾಂತರಿಸಲಾಯಿತು. ಸೇತುವೆ ಉಳಿಯಿತು, 1945ರ ಬಾಂಬ್ ದಾಳಿಯ ಸುಟ್ಟ ಕಲೆಗಳು ಅದರ ಕಲ್ಲುಗಳ ಮೇಲೆ ಇವೆ. ಅದರ ಚೆಲುವಿಗೆ ಧಕ್ಕೆ ತಂದದ್ದು ಶಾಂತಿಕಾಲದ ಕಾಮಗಾರಿ. 1964ರ ಒಲಿಂಪಿಕ್ ಕ್ರೀಡೆಗಳಿಗೆ ಮುಂಚೆ ವೇಗಮಾರ್ಗಗಳನ್ನು ಮುಗಿಸುವ ಆತುರದಲ್ಲಿ, ಭೂಸ್ವಾಧೀನದ ತೊಡಕಿಲ್ಲದ ನದಿಪಾತ್ರದ ಮೇಲೆಯೇ ರಸ್ತೆಯನ್ನು ಎತ್ತರಿಸಿ ಕಟ್ಟಲಾಯಿತು. 1963ರಿಂದ ನಿಹೊನ್‌ಬಾಶಿಗೆ ಆಕಾಶವಿಲ್ಲ. ಕಿರಿನ್‌ನ ತಲೆಯ ಮೇಲೆ ಕಾಂಕ್ರೀಟಿನ ಚಪ್ಪರ. 1972ರಲ್ಲಿ ಪ್ರಧಾನಿ ಸಾತೋ ಎಯ್‌ಸಾಕುವಿನ ಹಸ್ತಾಕ್ಷರವುಳ್ಳ ಲೋಹದ ಫಲಕವನ್ನು ಸೇತುವೆಯ ನಡುವೆ ಹುದುಗಿಸಿ, ದೇಶದ ರಸ್ತೆಗಳ ಮೂಲಸ್ಥಾನವೆಂದು ಗುರುತಿಸಲಾಯಿತು. ವಾಹನಗಳ ನಡುವೆ ಅದನ್ನು ನೋಡಲು ಹೋಗುವುದು ಅಪಾಯವಾದ್ದರಿಂದ ದಡದಲ್ಲಿ ಅದರ ಪ್ರತಿಕೃತಿಯನ್ನು ಇಟ್ಟಿದ್ದಾರೆ.

1999ರಲ್ಲಿ ಸೇತುವೆಯನ್ನು ಮುಖ್ಯ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಲಾಯಿತು. ವೇಗಮಾರ್ಗವನ್ನು ನೆಲದಡಿಗೆ ಇಳಿಸುವ ಯೋಜನೆ 2017ರಲ್ಲಿ ಪ್ರಕಟವಾಗಿ 2020ರಲ್ಲಿ ಕೆಲಸ ಆರಂಭವಾಯಿತು. 2021ರ ಮೇ ತಿಂಗಳಲ್ಲಿ ಸಮೀಪದ ಎರಡು ಏರುದಾರಿಗಳನ್ನು ಮುಚ್ಚಲಾಯಿತು. ಸುರಂಗವನ್ನು 2035ಕ್ಕೆ ತೆರೆದು, ಮೇಲಿನ ರಸ್ತೆಯನ್ನು 2040ರೊಳಗೆ ಕೆಡವುವ ಗುರಿಯಿದೆ. ಇಷ್ಟೆಲ್ಲ ಗಮನ ಶೂನ್ಯಬಿಂದುವಿಗೆ ಸಿಕ್ಕಿರುವಾಗ, ದಾರಿಯ ಮೇಲಿದ್ದ ದಿಬ್ಬಗಳಲ್ಲಿ ಹೆಚ್ಚಿನವು ರಸ್ತೆ ಅಗಲೀಕರಣದಲ್ಲಿ ಅಳಿದುಹೋಗಿವೆ. ನಾಕಾಸೆಂದೋದಲ್ಲಿ ನಿಹೊನ್‌ಬಾಶಿಯಿಂದ ಮೂರನೆಯದಾದ ಶಿಮುರಾ ಇಚಿರಿಜುಕಾ ಮಾತ್ರ 1922ರಿಂದ ರಾಷ್ಟ್ರೀಯ ಸ್ಮಾರಕವಾಗಿ ತನ್ನ ಜೋಡಿದಿಬ್ಬಗಳೊಡನೆ ಉಳಿದಿದೆ. ಎರಡೂ ದಿಬ್ಬಗಳ ಮೇಲೆ ಎನೊಕಿ ಮರಗಳಿವೆ. ಅವುಗಳ ನಡುವೆ ರಾಷ್ಟ್ರೀಯ ಹೆದ್ದಾರಿ 17 ಹಾದುಹೋಗುತ್ತದೆ.